ಟೇಪಿಗೆ ಸಾಲದ್ದು

ಮಹಡಿ ಮನೆಯ ಡೆನ್ಸಿಲ್ ಹೇಳಿದ್ದು ಎರಡೇ ತಿಂಗಳು.
ಗಾಜಿನ ಪೆಟ್ಟಿಗೆಯನ್ನು ನಾಲ್ವರು ಹೊತ್ತು ಇಳಿಸಿ
ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟರು,
ಸೀರೆ ಫಾಲ್ಸಿನ ಬಂಡಲುಗಳಿದ್ದ ಜಾಗದಲ್ಲಿ.
ಈಗ ಐದು ತಿಂಗಳು. ಅವನು ಮಸ್ಕತ್ತಿನಲ್ಲೇ ಉಳಿಯುತ್ತಾನಂತೆ.
ಮೊನ್ನೆ ಫೋನಿನಲ್ಲಿ,
"ಮುನಿಲಕ್ಷ್ಮಕ್ಕ, ನೀವೇ ಇಟ್ಕೊಂಡುಬಿಡಿ.
ಕಾಗದ ನಿಮ್ಮ ಹೆಸರಿಗೆ ಮಾಡಿಸ್ತೀನಿ."
ಭಾನುವಾರದೊಳಗೆ ಹೇಳಬೇಕು.

ನನ್ನ ಹೆಸರಿಗಿರುವ ಕಾಗದ ಮೂರು:
ರೇಷನ್ ಕಾರ್ಡು, ಮಿಷನ್ನಿನ ಸಾಲ,
ಯಜಮಾನರು ಹೋದಾಗ ಆಸ್ಪತ್ರೆಯವರು ಕೊಟ್ಟದ್ದು.
ನಾಲ್ಕನೆಯದು ಹೆಬ್ಬಾವೇ?

ಅಳೆಯದೆ ಏನನ್ನೂ ತೀರ್ಮಾನಿಸಿದವಳಲ್ಲ.
ಮೊದಲ ವಾರವೇ ಟೇಪು ಹಿಡಿದು ಕೂತೆ.
ಅರವತ್ತು ಇಂಚು ಮುಗಿಯಿತು, ಹೆಬ್ಬೆರಳಲ್ಲಿ ಗುರುತು ಹಿಡಿದೆ,
ಮತ್ತೆ ಅರವತ್ತು ಮುಗಿಯಿತು,
ಹಾವು ಮುಗಿದಿರಲಿಲ್ಲ.
ಭುಜವಿಲ್ಲ. ಸೊಂಟ ಎಲ್ಲೆಂದು ಹುಡುಕಬೇಕು.
ಕೊರಳೆಂದರೆ ಪೂರ್ತಿ ಕೊರಳೇ.
ಮೂವತ್ತೊಂದು ವರ್ಷದ ಕಸುಬಿನಲ್ಲಿ
ಅಳತೆ ಪುಸ್ತಕಕ್ಕೆ ಒಗ್ಗದ ಗಿರಾಕಿ ಇದೊಂದೇ.
ಪೊರೆ ಬಿಟ್ಟ ದಿನ ಎತ್ತಿ ಬೆಳಕಿಗೆ ಹಿಡಿದೆ:
ಬೆವರಿದ ಕುಪ್ಪಸ ಕಳಚಿದ ಹಾಗೆ ಒಳಮೈ ಹೊರಗಾಗಿ,
ಒಂದು ಜೋಡಣೆಯಿಲ್ಲ, ಎಲ್ಲೂ ದಾರ ಬಿಟ್ಟಿಲ್ಲ.
ನಾಚಿಕೆಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ.

ಪಂಚಮಿಗೆ ಬೀದಿಯವರು ಹಾಲು ತಂದರು.
"ಇದು ನಾಗಪ್ಪ ಅಲ್ಲ ಕಣ್ರೇ, ಯಾವ ದೇಶದ್ದೋ, ನೀರು ಕುಡಿಯುತ್ತೆ" ಎಂದೆ.
ಆ ಹಾಲಿಗೆ ಟೀಪುಡಿ ಹಾಕಿ ಎಲ್ಲರೂ ಕುಡಿದೆವು.

ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಮೇಲಿನ ಅರೆಯಲ್ಲಿ
ಹದಿನೈದು ದಿನಕ್ಕೊಂದು ಮೊಲ, ಐಸಾದದ್ದು.
ಕಿವಿ ಕಾಣದ ಹಾಗೆ ಪ್ಲಾಸ್ಟಿಕ್ಕು ಮಡಚುತ್ತೇನೆ.

ಹುಕ್ಕು ಹಾಕಲು ಬರುವ ತಬಸ್ಸುಮ್ ಮಾತ್ರ ಸರಿಯಾಗಿ ಕೇಳಿದಳು:
"ಎಷ್ಟು ವರ್ಷ ಬದುಕುತ್ತೆ ಅಕ್ಕ?"
ಇಪ್ಪತ್ತೈದಂತೆ. ಇದಕ್ಕೀಗ ನಾಲ್ಕು.
ನನಗೆ ಐವತ್ತೊಂಬತ್ತು.
ಕತ್ತರಿಸುವ ಹಲಗೆಯ ಮೇಲೇ ಸೀಮೆಸುಣ್ಣದಲ್ಲಿ ಕೂಡಿದಳು.
ಎಂಬತ್ತು.
ಅಳಿಸಲಿಲ್ಲ; ಅದರ ಮೇಲೊಂದು ಬ್ಲೌಸ್ ಪೀಸು ಹಾಸಿದೆ.

ಹೋದ ವಾರ ರಾತ್ರಿ ಲಿಂಗರಾಜಪುರಕ್ಕೆಲ್ಲ ಕರೆಂಟು ಹೋಯಿತು.
ಪೆಟ್ಟಿಗೆಯ ಬಲ್ಬು ಆರಿತು. ಡಿಸೆಂಬರಿನ ಚಳಿ
ಶಟರಿನ ಸಂದಿಯಿಂದ ಒಳಗೆ.
ಅತ್ತೆಯ ಕಾಲದ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ
ಹಳೇ ವಾಯಿಲ್ ಸೀರೆ ಕಾಯಿಸಿ ಕಾಯಿಸಿ ಒಳಗೆ ಹಾಸಿದೆ.
ಬಂತು. ಸೀರೆಗಲ್ಲ, ಇಸ್ತ್ರಿ ಹಿಡಿದಿದ್ದ ನನ್ನ ಕೈಗೆ.
ಪ್ರೀತಿಯಲ್ಲ, ಗೊತ್ತು. ಬಿಸಿ.
ಬಿಸಿ ಬೇಕೆಂದು ಬಂದು, ಬಿಸಿಯನ್ನಷ್ಟೇ ತೆಗೆದುಕೊಂಡವರು
ನನ್ನ ಬದುಕಿನಲ್ಲಿ ಬೇರೆ ಯಾರಿದ್ದಾರೆ?
ಮೊಣಕೈ ಕೆಳಗೆ ಒಂದು ಸುತ್ತು ಹಾಕಿತು,
ತೋಳಿನ ಅಳತೆ ತೆಗೆಯುವ ಹಾಗೆ,
ಉಸಿರು ಬಿಟ್ಟಾಗ ಒಂದು ನೂಲಿನಷ್ಟು ಬಿಗಿ.
ಬಿಡಿಸಲು ನನ್ನ ಬಳಿ ಇನ್ನೊಂದೇ ಕೈ ಇತ್ತು.
ಸಾಲಲಿಲ್ಲ.
ಕರೆಂಟು ಬಂದು ಬಲ್ಬು ಕಾಯುವವರೆಗೆ
ಹಾಗೇ ಕೂತಿದ್ದೆವು, ನಾನೂ ಅದೂ.
ಹೆದರಿದ್ದೆ. ಎದ್ದು ಹೋಗಬೇಕೆನಿಸಿರಲಿಲ್ಲ.

ಇನ್ನೆರಡು ವರ್ಷಕ್ಕೆ ಎತ್ತಲು ಮೂರು ಜನ ಬೇಕಂತೆ.
ತಬಸ್ಸುಮ್‌ಗೆ ಮಾರ್ಚಿನಲ್ಲಿ ನಿಕಾಹ್.

ಶನಿವಾರ ಮತ್ತೆ ಅಳೆದೆ. ಐದಿಂಚು ಬೆಳೆದಿದೆ.
ಬೆಳೆಯುವ ಮಕ್ಕಳ ಲಂಗಕ್ಕೆ
ಮುಂದೆ ಬಿಚ್ಚಿಕೊಳ್ಳಲೆಂದು ಒಳಗೆ ಬಟ್ಟೆ ಬಿಡುತ್ತೇನೆ ನಾನು.
ಈ ಕೋಣೆಗೆ, ಈ ಮೊಣಕಾಲಿಗೆ
ಬಿಚ್ಚಲು ಒಳಗೆ ಏನೂ ಉಳಿದಿಲ್ಲ.

ಡೆನ್ಸಿಲ್‌ಗೆ ಫೋನ್ ಮಾಡಿ ಬೇಡವೆಂದೆ.
"ಯಾಕಕ್ಕಾ, ಹೆದರಿಕೆಯಾ?" ಎಂದ.
"ಅಳತೆ ಸಾಲಲ್ಲ ಕಣಪ್ಪ."
ಅವನಿಗೆ ಪೆಟ್ಟಿಗೆಯ ಅಳತೆ ಎನಿಸಿರಬೇಕು.

ಬನ್ನೇರುಘಟ್ಟದ ಕಡೆಯಿಂದ ಗಾಡಿ ಹನ್ನೊಂದಕ್ಕೆ ಬರುತ್ತದೆ.
ಈಗ ಹತ್ತು. ಇದ್ದಿಲು ಹಚ್ಚಿ ಊದುತ್ತಿದ್ದೇನೆ,
ಅದೇ ವಾಯಿಲ್ ಸೀರೆ, ನಾಲ್ಕು ಮಡಿಕೆ.
ಡೈರಿ ಸರ್ಕಲ್ಲಿನಲ್ಲಿ ಹೇಗೂ ಅರ್ಧ ಗಂಟೆ ನಿಲ್ಲಬೇಕು,
ಅಷ್ಟು ಹೊತ್ತಾದರೂ ಬಿಸಿ ಉಳಿಯಲಿ.