ಎಡಗಣ್ಣಿನ ಲೆಕ್ಕ

ಫುಟ್ಸ್‌ಕ್ರೇ, ಬಾರ್ಕ್ಲಿ ಬೀದಿಯ ತಿರುವಿನಲ್ಲಿ
ಮೀನಂಗಡಿಗೂ ಮೊಬೈಲ್ ರಿಪೇರಿಗೂ ನಡುವೆ
ಒಂದೂವರೆ ಆಳು ಅಗಲದ ನನ್ನ ಅಂಗಡಿ.
ಹೊಸದನ್ನು ಹೊಲಿಯುವುದಿಲ್ಲ ಇಲ್ಲಿ.
ಸಡಿಲಾದದ್ದು ಬಿಗಿ, ಬಿಗಿಯಾದದ್ದು ಸಡಿಲ,
ಉದ್ದವಿದ್ದದ್ದು ಗಿಡ್ಡ. ಇಷ್ಟೇ ವ್ಯಾಪಾರ.

ಎರಡು ವರ್ಷದ ಕೆಳಗೆ ಬಲಗಣ್ಣಿನ ಕೆಳರೆಪ್ಪೆ
ಹಳೇ ಲಂಗದ ಎಲಾಸ್ಟಿಕ್ಕಿನ ಹಾಗೆ ಜೋತುಬಿತ್ತು.
ಒಳಗಿನ ಕೆಂಪು ಅಸ್ತರು ಹೊರಗೆ.
ನೀರು ನಿಲ್ಲದು. ಸೂಜಿಗೆ ದಾರ ಪೋಣಿಸುವಾಗ,
ಚಿಲ್ಲರೆ ಎಣಿಸುವಾಗ, ನಗುವಾಗಲೂ ಕೋಡಿ.
ಗಿರಾಕಿಗಳು ಪಾಪ, ಏನೋ ದುಃಖವೆಂದುಕೊಂಡು
ಐದು ಡಾಲರು ಹೆಚ್ಚಿಗೆ ಇಟ್ಟು
ಮೆಲ್ಲಗೆ ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದರು.
ಮದುವೆಯ ಗೌನು ತಂದ ಹುಡುಗಿಯಂತೂ
ಅಳತೆ ಕೊಡುತ್ತ ಕೊಡುತ್ತ ತಾನೂ ಅತ್ತಳು.
ನಾನು ತಡೆಯಲಿಲ್ಲ. ಆಮೇಲೆ ತಿಳಿಯಿತು,
ಆ ಮದುವೆ ನಡೆಯಲಿಲ್ಲವೆಂದು.

ಡಾಕ್ಟರು ಮಾರ್ಗೊ ವಿಟ್ಲಿ ರೆಪ್ಪೆಯನ್ನು
ಬೆರಳಲ್ಲಿ ಎಳೆದು ಬಿಟ್ಟಳು.
ಅದು ತನ್ನ ಜಾಗಕ್ಕೆ ಮರಳಲು
ಮೂರು ಸಲ ಮಿಟುಕಿಸಬೇಕಾಯಿತು.
"ಹೊರಮೂಲೆಯಲ್ಲಿ ಇಷ್ಟೇ ಇಷ್ಟು ಕತ್ತರಿಸಿ
ಎಲುಬಿನ ಅಂಚಿಗೆ ಬಿಗಿದು ಹೊಲಿಯುತ್ತೇನೆ."
"ಒಳಗೆ ಬಟ್ಟೆ ಬಿಡುತ್ತೀರಾ? ನಾಳೆ ಬಿಚ್ಚಬೇಕಾದರೆ?"
ಅವಳು ನಕ್ಕಳು. ನಾನು ತಮಾಷೆಗೆ ಕೇಳಿದ್ದಲ್ಲ.

ಆಮೇಲೆ ಫಾರಮ್ಮು. ಎರಡು ಚೌಕ.
ಬಲಗಣ್ಣು ಕಾಯಿಲೆ, ಸರಕಾರದ ಪಾಲು.
ಎಡಗಣ್ಣು ಇನ್ನೂ ಸೋರುತ್ತಿಲ್ಲ, ಕೊಂಚ ಇಳಿದಿದೆ ಅಷ್ಟೆ,
ಕೆಳಗೊಂದು ಪುಟ್ಟ ಚೀಲ ಕಟ್ಟಿಕೊಂಡು.
ಅದು ಷೋಕಿ. ನಿನ್ನ ಖರ್ಚು.
ಒಂದೇ ಮೂಗಿನ ಆಚೆ ಈಚೆ
ಗಡಿ ಎಳೆದವರು ಯಾರೋ.
ಒಂದು ತೋಳು ಹಿಡಿದು ಇನ್ನೊಂದು ಬಿಟ್ಟ ರವಿಕೆಯನ್ನು
ಯಾವತ್ತೂ ಯಾರ ಕೈಗೂ ಕೊಟ್ಟವಳಲ್ಲ ನಾನು.
ಅಲ್ಲದೆ ಹೆಂಗಸಿಗೆ ಅದುರಬೇಕಾದದ್ದು ಎಡಗಣ್ಣೇ ತಾನೆ?
ಶುಭ ಬರುವ ಬಾಗಿಲಿಗೇ ಜೋತುಬಿದ್ದ ಪರದೆಯೆ?

ಹೀಗೆಲ್ಲ ವಾದಿಸಿದೆ, ನನ್ನೊಳಗೆ.
ನಿಜ ಹೇಳಿದರೆ, ಚೆಂದ ಕಾಣಬೇಕಿತ್ತು.
ಅರವತ್ಮೂರಕ್ಕೆ. ಯಾರಿಗೆ ಅಂತ ಕೇಳಬೇಡಿ.
ಅಂಗಡಿಯ ಉದ್ದಗನ್ನಡಿಯಲ್ಲಿ ಇಪ್ಪತ್ತಾರು ವರ್ಷ
ಮಂದಿಯ ಬೆನ್ನ ಹಿಂದೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿ
ಅರ್ಧ ಮಾತ್ರ ಕಂಡವಳು.

ಎಡಗಣ್ಣಿನ ಲೆಕ್ಕ ಹೀಗೆ ಬರೆದಿಟ್ಟೆ:
ಪ್ಯಾಂಟಿನ ಮಡಿಕೆ ನೂರಾ ನಲವತ್ತು,
ಜಿಪ್ಪು ಐವತ್ತೆರಡು,
ಪರದೆ, ಒಂದು ಇಡೀ ಮನೆಯದು.
ಉಳಿದದ್ದು ಮೀನಂಗಡಿಯ ತುಯೆತ್ ಹತ್ತಿರ ಕೈಗಡ.
"ತಂಗಿ ಮೂಗು ಮಾಡಿಸಿದಳು, ನೀನು ಕಣ್ಣು,
ನನಗೆ ಮಾತ್ರ ಬರೀ ಮಂಡಿ" ಅಂದಳು
ಹುರುಪೆ ಕೆರೆಯುತ್ತ.

ಮರಗಟ್ಟಿದ ಮುಖ, ಎಚ್ಚರದ ಕಿವಿ.
ಸದ್ದಿನಲ್ಲೇ ಗೊತ್ತಾಯಿತು, ಮೊಂಡಲ್ಲ, ಒಳ್ಳೆಯ ಕತ್ತರಿ.
ಅಕ್ಕಿನುಚ್ಚಿನಷ್ಟು ತುಣುಕು ಬಟ್ಟಲಿಗೆ ಬಿತ್ತು.
ಚಿಂದಿ ಎಸೆಯದ ಕೈ ನನ್ನದು,
ಕೌದಿಗೆ ಇರಲೆಂದು ಗಂಟು ಕಟ್ಟಿಡುವ ಕೈ.
ಕೇಳಬೇಕೆಂದುಕೊಂಡೆ. ನಾಲಿಗೆ ಏಳಲಿಲ್ಲ.

ಈಗ ಆರು ವಾರ. ಮೂಲೆಯಲ್ಲಿ ಗೆರೆ ಇನ್ನೂ ಕೆಂಪು.
ಬೆಳಗ್ಗೆ ಎದ್ದರೆ ಯಾರೋ ಕಿವಿಯ ಕಡೆಗೆ ಎಳೆದ ಹಾಗೆ.
ಬಲಗಣ್ಣು ಒಣಗಿದೆ. ಎಡಗಣ್ಣು,
ದುಡ್ಡು ಕೊಟ್ಟದ್ದು, ಕೊಂಚ ಹೆಚ್ಚೇ ಬಿಗಿ;
ಏನೋ ಸುದ್ದಿ ಕೇಳಿ ಬೆರಗಾದಂತೆ ನೋಡುತ್ತದೆ.
"ನಾಲ್ಕು ಸಲ ಒಗೆದ ಮೇಲೆ ಕೂರುತ್ತದೆ" ಅಂದಳು ಡಾಕ್ಟರು.
ಅವಳಿಗೆ ನನ್ನ ಭಾಷೆ ಬಂದುಬಿಟ್ಟಿದೆ.

ಗಿರಾಕಿಗಳು ಈಗ ಚೌಕಾಸಿಗೆ ನಿಲ್ಲುತ್ತಾರೆ.
ನಿನ್ನೆ ಒಬ್ಬ, ಕೋಟಿನ ಗುಂಡಿಗೆ
ಎರಡು ಡಾಲರು ಬಿಡು ಎಂದ.
ಎರಡೂ ಕಣ್ಣಿಂದ ನೋಡಿದೆ ಅವನನ್ನು.
ಎಡಗಣ್ಣು ಅದುರಿತು. ಹೊಲಿಗೆಯೋ, ಶುಭವೋ.
ಒಂದು ಡಾಲರೂ ಬಿಡಲಿಲ್ಲ.