ಹದಿನೇಳನೆಯ ಚೌಕ

ಮುಖ ಗೊತ್ತಿಲ್ಲ ನನಗೆ ಇವರ ಯಾರದ್ದೂ.
ಬೈತಲೆ ಗೊತ್ತು.
ಕ್ಯಾಮೆರಾ ಇರುವುದು ಸೂರಿನಲ್ಲಿ, ಹಾಗಾಗಿ
ಹದಿನಾರು ಚೌಕಗಳ ಪರದೆಯ ಮುಂದೆ
ಎಂಟು ತಿಂಗಳಿಂದ ನಾನು ಬರೀ ನೆತ್ತಿ ಓದುವವನು:
ಮೂರರಲ್ಲಿ ಹಲ್ಲು ಮುರಿದ ಹಳದಿ ಕ್ಲಿಪ್ಪು,
ಐದರಲ್ಲಿ ಗೋರಂಟಿ ಹಚ್ಚಿ ಕೆಂಪಾದ ನರೆ,
ಹನ್ನೊಂದರ ಹುಡುಗ ಟೋಪಿ ತೆಗೆಯುವುದಿಲ್ಲ,
ಟೋಪಿಯ ಮೇಲೆ ನೀಲಿ ನೂಲಿನ ಧೂಳು.

ಬಳ್ಳಾರಿಯ ಮುಂಡರಗಿ ದಾರಿಯ ಈ ಜೀನ್ಸ್ ಯುನಿಟ್ಟಿನಲ್ಲಿ
ಬಚ್ಚಲಿಗೆ ಹೋದವರು ನಾಲ್ಕು ನಿಮಿಷ ದಾಟಿದರೆ
ನಾನು ಬರೆಯಬೇಕು. ಅಷ್ಟೇ ಕೆಲಸ.
ಯಾವ ಟೋಕನ್, ಯಾವ ಹೊತ್ತು, ಎಷ್ಟು.
ಯಾಕೆ ಅನ್ನುವುದಕ್ಕೆ ಆ ಹಾಳೆಯಲ್ಲಿ ಕಾಲಮ್ಮಿಲ್ಲ.

ಅಪ್ಪ ಕೌಲ್‌ಬಜಾರಿನ ಓಣಿಯಲ್ಲಿ ಜಿಪ್ಪು ಕೂರಿಸುತ್ತಿದ್ದ,
ಪೀಸಿಗೆ ಇಷ್ಟು ಅಂತ.
ಅವನ ಬೆರಳ ಸಂದಿಯ ನೀಲಿ
ಹೆಣ ತೊಳೆದಾಗಲೂ ಹೋಗಲಿಲ್ಲ.
ನನಗೆ ಏಸಿ ರೂಮಿನ ಕೆಲಸವೆಂದು
ಅವ್ವ ಓಣಿಗೆಲ್ಲ ಹೇಳಿ ಬಂದಿದ್ದಾಳೆ.
ಏಸಿ ಇರುವುದು ಯಂತ್ರಕ್ಕೆ; ನಾನು ಅದರ ಪಕ್ಕ ಕೂತಿದ್ದೇನೆ.

ಒಂದು ಬೆಳಿಗ್ಗೆ ಗೇಟಿನೆದುರು ವಗ್ಗಾಣಿ ತಿನ್ನುವಾಗ
ಪಕ್ಕದ ಹೆಂಗಸು ಕೇಳಿದಳು:
"ನೀ ಅಲ್ಲೇನಪ್ಪ ಮ್ಯಾಲಿನ ರೂಮಿನಾವ?
ಬುಧವಾರ ನನಗ ಒಂಬತ್ತು ನಿಮಿಷ ಬರದಿದ್ದಿ."
ಸಿಟ್ಟಿರಲಿಲ್ಲ. ಮಿರ್ಚಿಯ ತೊಟ್ಟು ಮುರಿಯುತ್ತಿದ್ದಳು.
"ಅರವತ್ತು ರೂಪಾಯಿ ಹಿಡದ್ರು.
ರಕ್ತ ನಿಲ್ಲಬೇಕಲ್ಲ, ಅದಕ್ಕೇನು ಗಡಿಯಾರ ಗೊತ್ತಾಗ್ತದ?"
ಕೈ ತೊಳೆಯಲು ಬಗ್ಗಿದಾಗ ಕಂಡಿತು
ಗೋರಂಟಿಯ ನರೆ. ಐದು.
ಹೊನ್ನೂರಬೀ ಅಂತ ಆಮೇಲೆ ತಿಳಿಯಿತು.

ನನಗೂ ಒಂದು ಲೆಕ್ಕವಿದೆ.
ಈ ಮೌಸು ಮೂರು ನಿಮಿಷ ಸುಮ್ಮನಿದ್ದರೆ
ಹೈದರಾಬಾದಿನಲ್ಲಿ ಯಾರಿಗೋ ಕೆಂಪು ಚುಕ್ಕೆ ಕಾಣುತ್ತದೆ.
ಕಣ್ಣು ಮುಚ್ಚಿ ಕೈ ಮಾತ್ರ ಆಡಿಸುವುದ ಕಲಿತಿದ್ದೇನೆ,
ತೊಟ್ಟಿಲು ತೂಗುತ್ತಾ ತೂಕಡಿಸುವವರ ಹಾಗೆ.

ಮೊನ್ನೆಯಿಂದ ಒಂದು ಕಾಗದ ಓಡಾಡುತ್ತಿದೆ.
ಹಿಂಬದಿ ಜೇಬುಗಳ ಕಟ್ಟಿನೊಳಗೆ ಮಡಚಿ
ಎರಡರಿಂದ ಮೂರಕ್ಕೆ, ಮೂರರಿಂದ ಐದಕ್ಕೆ,
ಐದರಲ್ಲಿ ಒಂದಿಡೀ ಮಧ್ಯಾಹ್ನ ತಂಗಿ
ಹನ್ನೊಂದರ ಟೋಪಿಯೊಳಗೆ.
ಅದಕ್ಕೇ ಅಂದು ಮೊದಲ ಸಲ ಟೋಪಿ ತೆಗೆದ;
ಪಾಪ, ಈ ವಯಸ್ಸಿಗೇ ನೆತ್ತಿ ಬೋಳು.
ಸಂಘದ ಕಾಗದವೆಂದು ಯಾರಿಗೆ ತಿಳಿಯದು?
ಅನುಮಾನ ಬಂದರೆ ಕರೆ ಮಾಡಲು ಗೋಡೆಗೆ ನಂಬರು ಅಂಟಿಸಿದ್ದಾರೆ.
ನಾನು ಬರೆದೆ:
ಐದು, ಹನ್ನೊಂದು. ಜೇಬು ಎಣಿಸುತ್ತಿದ್ದಾರೆ.
ಈ ರಿಜಿಸ್ಟರಿನಲ್ಲಿ ನನ್ನ ಮೊದಲ ಸುಳ್ಳು.
ಅಕ್ಷರ ಮಾತ್ರ ಎಂದಿಗಿಂತ ದುಂಡಗೆ ಬಂತು.

ಇವತ್ತು ಚಹಾದ ಹುಡುಗ ಲೋಟದಡಿ ಇಟ್ಟು ಹೋದ.
ಹದಿನಾಲ್ಕು ಸಹಿ, ಒಂಬತ್ತು ಹೆಬ್ಬೆಟ್ಟು,
ಶಾಯಿಯದೋ ಬಟ್ಟೆಯದೋ, ನೀಲಿ.
ಕೆಳಗೆ ಖಾಲಿ ಗೆರೆ.
ಪೆನ್ನು ಎತ್ತುವ ಮೊದಲು ಯಾಕೋ ತಲೆ ಎತ್ತಿದೆ:
ಬಾಗಿಲ ಮೇಲೆ, ಬೆಂಕಿಯ ಅಲಾರಂ ಅಂದುಕೊಂಡಿದ್ದೆ ಇಷ್ಟು ದಿನ,
ಒಂದು ಕರಿ ಗುಂಡು.
ನನ್ನ ಹದಿನಾರರಲ್ಲಿ ಅದರ ಚಿತ್ರ ಇಲ್ಲ.

ಎಲ್ಲಿ ಕುಂತೀಯೋ ಅಣ್ಣ,
ನನ್ನ ನೆತ್ತಿಯ ಸುಳಿ ಎಡಕ್ಕೋ ಬಲಕ್ಕೋ
ನಿನಗೇ ಗೊತ್ತಿರಬೇಕು.
ಮೌಸು ಆಡಿಸ್ತಾ ಇರು, ನಿಲ್ಲಿಸಬೇಡ.
ಗಾದಿಲಿಂಗ, ತಂದೆ ಎರ್ರೆಪ್ಪ.
ಇಷ್ಟು ಬರೆಯಲು ನಾಲ್ಕು ನಿಮಿಷ ಹಿಡಿಯಲಿಲ್ಲ.
ನೀನು ಏನು ಬರೀತೀಯೋ.