ಯಾವ ವೇಟ್ ರೀ?

ವಾಡಿ ಜಂಕ್ಷನ್ನಿನ ಸರ್ಕಾರಿ ಹೆಣ್ಮಕ್ಕಳ ಶಾಲೆ,
ಎಂಟನೆಯ ತರಗತಿ, ಮೂರನೆಯ ಪಿರಿಯಡ್ಡು.
ಪರ್ಸಿ ನೆಲದ ಮೇಲೆ ಸಿಮೆಂಟಿನ ತೆಳು ಬೂದಿ,
ಬೆಳಿಗ್ಗೆ ಗುಡಿಸಿದ್ದು ಮತ್ತೆ ಬಂದು ಕೂತಿದೆ.
ಡಿಕ್ಟೇಷನ್, ಎನ್ನುತ್ತೇನೆ.
ಪದ ಬರೆದು ಸ್ವಂತ ವಾಕ್ಯ ಮಾಡಿ.
ನಲವತ್ತೊಂದು ಜಡೆ ಒಮ್ಮೆಲೇ ಬಾಗುತ್ತವೆ.

ವೀಕ್, ಎನ್ನುತ್ತೇನೆ.
ಶಾಹೀನಳ ವಹಿಯಲ್ಲಿ ಏಳು ದಿನ ಸೇರಿದರೆ ಒಂದು ನಿಶ್ಶಕ್ತಿ.
ಫ್ಲವರ್, ಎನ್ನುತ್ತೇನೆ.
ಕಾಶಮ್ಮ ಗಿರಣಿಗೆ ಹೋಗಿ
ಐದು ಕಿಲೋ ಹೂವು ಬೀಸಿಸಿಕೊಂಡು ಬಂದಿದ್ದಾಳೆ.
ಇನ್ನೊಬ್ಬಳು ಹುಟ್ಟಿದ ತಾರೀಖು ಬರೆದಲ್ಲಿ
ಸ್ಲೀಪರ್ ಡಬ್ಬಿಯ ಮಲಗುವ ಹಲಗೆ.
ರೈಲಿನ ಊರು, ಇದ್ದರೂ ಇರಬಹುದು,
ಅವರವ್ವನನ್ನು ಕೇಳಬೇಕು.

ಕಿವಿಯನ್ನು ನಂಬಬೇಡಿ, ಹೇಳುತ್ತೇನೆ,
ಇಂಗ್ಲಿಷು ಕಣ್ಣಿನ ಭಾಷೆ.
ನಮ್ಮದು ಕಿವಿಯದು, ಮೋಸವಿಲ್ಲ,
ಅಂದಂತೆ ಬರೆ, ಬರೆದಂತೆ ಅನ್ನು.
ವ ಏತ್ವ ವೆ, ದೀರ್ಘ ವೇ, ಟ ಅರ್ಧ.
ವೇಟ್. ಮುಗಿಯಿತು.
ಕಾಯುವವನಿಗೂ ಅದೇ, ತೂಗುವವನಿಗೂ ಅದೇ.
ಅವರಲ್ಲಿ ಹಾಗಲ್ಲ. ಕಾಯುವುದಕ್ಕೆ ನಾಲ್ಕೇ ಅಕ್ಷರ,
ತೂಕಕ್ಕೆ ಆರು,
ಒಳಗೆ ಜಿ, ಎಚ್ ಎಂದು ಇಬ್ಬರು ಮೂಕರು.
ಬರೆಯಬೇಕು, ಬಾಯಿಬಿಟ್ಟು ಹೇಳಬಾರದು.

"ಹೇಳಲಾರದ್ದು ಬರಿಯೋದ್ಯಾಕ್ರಿ?"
ಹಿಂದಿನ ಸಾಲಿನಿಂದ ಜಗದೇವಿ.
ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ
ಯಾರೂ ಕೇಳಿರಲಿಲ್ಲ.
ಬಾಯಿಪಾಠ ಮಾಡು, ಅಂದೆ.

ಸಂಜೆ ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ
ಕಲಬುರಗಿಯ ಗಾಡಿ ನಲವತ್ತು ನಿಮಿಷ ಲೇಟು.
ತೂಕದ ಮಷೀನು ಕೆಟ್ಟು ಎಷ್ಟೋ ವರ್ಷ,
ಅದರ ಬಣ್ಣದ ಬಲ್ಬು ಮಾತ್ರ ಸುತ್ತುತ್ತಲೇ ಇವೆ.
ಬೆಂಚಿನ ಮೇಲೆ ಹುಡುಗಿಯರ ಪೇಪರು ಹರವಿದೆ.
ತೂಕದ ವೇಟಿಗೆ ವಾಕ್ಯ ಕೇಳಿದ್ದೆ.
ಜಗದೇವಿ ನಾಲ್ಕಕ್ಷರದ್ದನ್ನೇ ಹಾಕಿ ಬರೆದಿದ್ದಳು:
ನಮ್ಮಪ್ಪ ಸ್ಟೇಷನ್ನಿನಲ್ಲಿ ದಿನಾಲು ವೇಟ್ ಎತ್ತುತ್ತಾನೆ.
ಕಾಯುವುದನ್ನು ಎತ್ತುತ್ತಾನೆ!
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ಎದುರಿಗೆ, ಕೈಗಾಡಿಯ ಮೇಲೆ, ಸಾಯಬಣ್ಣ.
ಕೆಂಪಂಗಿ ಬಿಸಿಲಿಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿದೆ,
ರಟ್ಟೆಯ ಹಿತ್ತಾಳೆ ಬಿಲ್ಲೆಯಲ್ಲಿ ನಂಬರು ಸವೆದಿದೆ.
ತಲೆಯ ಸಿಂಬಿ ಬಿಚ್ಚಿ ಮೊಣಕಾಲಿಗೆ ಹಾಸಿಕೊಂಡಿದ್ದಾನೆ.
ಸೊಲ್ಲಾಪುರದ ಕಡೆಯಿಂದೊಂದು ಗಾಡಿ ಬಂತು. ಎದ್ದ.
ಇಳಿದವರ ಹಿಂದೆ ಸೂಟ್‌ಕೇಸುಗಳು ತಾವೇ ನಡೆದು ಹೋದವು,
ಗರ ಗರ ಗರ, ಸಾಕಿದ ನಾಯಿಯ ಹಾಗೆ.
ಗಾಡಿ ಹೋಯಿತು. ಕೂತ.

"ನಮಸ್ಕಾರ್ರಿ ಟೀಚರಮ್ಮ.
ನಮ್ ಹುಡುಗಿ ಹ್ಯಾಂಗ್ ಓದ್ಲತ್ತಾಳ್ರಿ?"
ಛಲೋ, ಅಂದೆ, ಸ್ಪೆಲ್ಲಿಂಗು ಸ್ವಲ್ಪ...
"ಬರ್ತದ ತಗೋರಿ," ನಕ್ಕ. ಹಳಿಯ ಕಡೆ ನೋಡಿದ.
"ಮೊದ್ಲು ಹೊತ್ತು ಹೊತ್ತು
ಹೊತ್ತು ಹೋಗಿದ್ದೇ ತಿಳೀತಿದ್ದಿಲ್ರಿ.
ಈಗ ಹೊರೋದೇ ಇಲ್ಲ, ಹೊತ್ತೇ ಹೋಗವಲ್ದು."

ಕೂತಲ್ಲೇ ಎಣಿಸಿದೆ ಆ ಮಾತಿನ ಹೊತ್ತುಗಳನ್ನು.
ಎರಡು ತಲೆಯ ಮೇಲಿನವು,
ಒಂದು ಗಡಿಯಾರದ್ದು,
ಕೊನೆಯದು ಯಾವುದೆಂದು ತಿಳಿಯಲಿಲ್ಲ.
ಮೋಸವಿಲ್ಲ ಅಂದವಳು ನಾನೇ,
ಇವತ್ತೇ, ಮೂರನೆಯ ಪಿರಿಯಡ್ಡಿನಲ್ಲಿ.

ತಪ್ಪು ತಪ್ಪೇ. ಅರ್ಧ ಅಂಕ ಕಳೆದೆ.
ಪಕ್ಕದಲ್ಲಿ ಸರಿಯಾದ ಆರಕ್ಷರ ಬರೆದೆ,
ಜಿ, ಎಚ್ ತುಸು ದಪ್ಪಗೆ.
ವಾಕ್ಯವನ್ನು ಮಾತ್ರ ಹೊಡೆದುಹಾಕಲಿಲ್ಲ.
ಹೆಡ್‌ಮಾಸ್ತರು ಕೇಳಿದರೆ
ಏನು ಹೇಳುವುದೆಂದು ಇನ್ನೂ ಯೋಚಿಸಿಲ್ಲ.

ಕಡೆಗೂ ನನ್ನ ಗಾಡಿ ಬಂತು.
ಪೇಪರಿನ ಚೀಲಕ್ಕೆ ಕೈ ಹಾಕಿದೆ,
ಅಷ್ಟರಲ್ಲಿ ಸಾಯಬಣ್ಣ ಸಿಂಬಿ ಸುತ್ತಿ ಆಗಿತ್ತು.
"ಭಾರೇನಿಲ್ಲಪ್ಪ, ಕೈಯಾಗ ಹಿಡೀಬಹುದು."
"ಇರ್ಲಿ ಬಿಡ್ರಿ," ಅಂದ.
ಎರಡು ಕಿಲೋ ಕಾಗದ ತಲೆಗೇರಿಸಿ
ಕುತ್ತಿಗೆ ನೆಟ್ಟಗೆ ಮಾಡಿ ಮುಂದೆ ನಡೆದ,
ಮಗಳ ಪೇಪರು ಒಳಗೆ ಎಲ್ಲೋ ನಡುವೆ.
ನಾನು ಡಬ್ಬಿ ಹತ್ತುವವರೆಗೂ
ಇಳಿಸಲಿಲ್ಲ.